ಒಲ್ಲೆ ಅನ್ನೂದು ಕಲತ ಸೆಕ್ರೆಟರಿ

ಯಜ್ಞೇಶ್ವರಗ ಏನು ಕಡಿಮಿ ಇತ್ತು ಹೇಳ್ರಿ? ಧಾರವಾಡದಾಗ ಸರಕಾರಿ ನೌಕರಿ, ಗೋಪನಕೊಪ್ಪದಾಗ ಸ್ವಂತ ಮನಿ, ನಿರುಪಮಾನಂಥ ಹೆಂಡತಿ (ಆಕಿ ಬಗ್ಗೆ ಇದಕ್ಕಿಂತ ಹೆಚ್ಚಿಗಿ ಕೇಳಬ್ಯಾಡ್ರಿ, ಆಕಿ ಸಾಲಿ ಟೀಚರು). ಆದರೂ ಆ ಮನುಷ್ಯಾಗ ನಿದ್ದಿ ಇರಲಿಲ್ಲ. ಯಾಕಂದ್ರ ಅಂವ ತನ್ನ ಕಾಲನಿ ಸಂಘದ ಸೆಕ್ರೆಟರಿ ಆಗಿದ್ದ. ಜೀವಾ ತಿನ್ನಲಿಕ್ಕೆ ಅಷ್ಟು ಸಾಕಾಗಿತ್ತು.

ನಮ್ಮ ಊರಾಗ ನಳಕ್ಕ ನೀರು ಬರೂದು ಅಂದ್ರ ಅಳಿಯಾ ಮನಿಗೆ ಬಂದಂಗ. ಇವತ್ತ ಬರ್ತೇನಿ ಅಂತಾನ, ನಾಳಿಗೆ ಬರ್ತಾನ, ಬಂದರೂ ಭಾಳ ಹೊತ್ತು ನಿಲ್ಲೂದಿಲ್ಲ. ಹಿಂಗಾಗಿ ಇಡೀ ಕಾಲನಿ ಇವಗ ಫೋನ್ ಮಾಡಿ ಕೇಳೂದು ಒಂದ ಮಾತು: "ಸೆಕ್ರೆಟರಿ ಸಾಹೇಬ್ರ, ನೀರು ಯಾವಾಗ ಬಿಡ್ತಾರ್ರಿ?" ಆಫೀಸಿಗೆ ಹೊಂಟ ಬಸ್ಸು ರಾಯಾಪುರ ದಾಟೂದ್ರಾಗ ಅಂವ ಈ ಪ್ರಶ್ನಕ್ಕ ಎಷ್ಟು ಸಲ ಉತ್ತರಾ ಕೊಟ್ಟಿರ್ತಿದ್ದ ಅಂದ್ರ, ಒಮ್ಮೆ ಕಂಡಕ್ಟರ್ ಟಿಕೀಟು ಕೊಡೂ ನೆವದಾಗ ಬಗ್ಗಿ ಮೆಲ್ಲಕ ಕೇಳಿದ್ದ, "ಹಂಗ ನಮ್ಮ ಓಣಿಗೆ ಯಾವಾಗ್ರಿ?" ಯಾರ ಕಾರು ಯಾರ ಗೇಟಿನ ಮುಂದ ನಿಂತದ, ಯಾರ ಮನಿ ನಾಯಿ ಯಾರ ಚಪ್ಪಲಿ ಒಯ್ದದ, ಆ ಪಂಚಾಯತಿನೂ ಇವನ ತಲಿ ಮ್ಯಾಲೆನ. ಎದಿ ಡವಡವ, ಹೊಟ್ಟ್ಯಾಗ ಉರಿ, ಫೋನ್ ಬಂದ್ ಮಾಡಿಟ್ಟರೂ ಕಿವ್ಯಾಗ ರಿಂಗು. ಇನ್ನ ಸ್ವಲ್ಪ ದಿವಸಕ್ಕ ತಾನು ಹೋಗಿಬಿಡ್ತೇನಿ ಅಂತ ಅವಗ ಖಾತ್ರಿ ಆಗಿತ್ತು.

ಕಡೀಕ ನಿರುಪಮಾ ಅವನ್ನ ವಿದ್ಯಾನಗರದ ಒಂದು ದವಾಖಾನಿಗೆ ಎಳಕೊಂಡು ಹೋದಳು. ಎದಿ ನೋಡಿದ್ರು, ರಕ್ತ ನೋಡಿದ್ರು, ಎಲ್ಲಾ ಬರೋಬ್ಬರಿ ಅದ ಅಂದು ಆಪ್ತಸಲಹಿ ಕೊಡೂ ಗಾರ್ಗಿ ಅನ್ನೂ ಹುಡುಗಿ ಕಡೆ ಕಳಿಸಿದ್ರು. ಆಕಿ ಮೈಸೂರಿನಾಕಿ, ಹೊಸದಾಗಿ ಬಂದಾಕಿ.

"ಸರ್, ನಿಮ್ಮ ಹೃದಯ ಚೆನ್ನಾಗಿದೆ, ಆದ್ರೆ ಒತ್ತಡ ಜಾಸ್ತಿಯಾಗಿದೆ" ಅಂದಳು ಗಾರ್ಗಿ. "ಫೋನ್ ಬಂದಾಗೆಲ್ಲ ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ನಿಮ್ಮ ಮೈ ಓಡೋಕೆ ತಯಾರಾಗುತ್ತೆ. ನೀವು ಮಾತ್ರ ಕುರ್ಚಿಯಲ್ಲೇ ಕೂತಿರ್ತೀರ. ಆ ಓಟ ಎಲ್ಲಿಗೆ ಹೋಗಬೇಕು ಹೇಳಿ."

ತನ್ನ ಕಷ್ಟ ಒಬ್ಬರಿಗರ ತಿಳೀತಲಾ ಅಂತ ಯಜ್ಞೇಶ್ವರನ ಕಣ್ಣಾಗ ನೀರು ಬಂತು. "ಇಲ್ಲೆರ ಬಂತಲ್ರಿ ನೀರು" ಅಂದಳು ನಿರುಪಮಾ.

ಗಾರ್ಗಿ ಸಮಾಧಾನಲೆ ಎಲ್ಲಾ ಹೇಳಿಕೊಟ್ಟಳು. ಸಂಜೆ ನಡೆದಾಡಿ, ನಿಧಾನವಾಗಿ ಉಸಿರಾಡಿ, ಮಲಗೋವಾಗ ಫೋನು ಬೇರೆ ಕೋಣೇಲಿರಲಿ, ಮನಸ್ಸಿನಲ್ಲಿದ್ದದ್ದನ್ನ ಮನೆಯವರ ಹತ್ರ ಹೇಳಿಕೊಳ್ಳಿ. "ಎಲ್ಲಕ್ಕಿಂತ ಮುಖ್ಯ, ಆಗದ್ದಕ್ಕೆ ಆಗಲ್ಲ ಅನ್ನೋದು ಕಲೀರಿ. ಕಾರಣ ಕೊಡಬೇಡಿ, ಕ್ಷಮೆ ಕೇಳಬೇಡಿ. ಹಾಗೇ ಇನ್ನೊಬ್ಬರು ಬೇಡ ಅಂದ್ರೆ ಅವರನ್ನೂ ಒತ್ತಾಯ ಮಾಡಬೇಡಿ."

ಬಂಗಾರದಂಥ ಮಾತು. ಆದರ ನಮ್ಮ ಕಡೆ ಒಲ್ಲೆ ಅನ್ನೂದಕ್ಕ ಒಂದು ಪದ್ಧತಿ ಅದ ಅಂತ ಮೈಸೂರಿನ ಹುಡುಗಿಗೆ ಯಾರು ಹೇಳಬೇಕು? ಮನಿಗೆ ಬಂದವ್ರಿಗೆ ಚಹಾ ಅಂದ್ರ, ಅವರು "ಒಲ್ಲೆರಿ, ಈಗರ ಆತು" ಅನಬೇಕು. ನಾವು "ಹಂಗಂದ್ರ ಹೆಂಗ್ರಿ" ಅನಬೇಕು. ಅವರು ಮತ್ತ ಒಲ್ಲೆ ಅನಬೇಕು, ಅಷ್ಟೊತ್ತಿಗೆ ಕಪ್ಪು ಅವರ ಕೈಯಾಗಿರಬೇಕು. ಮೊದಲನೇ ಮಾತಿಗೆ ಹೂಂ ಅಂದವ ಹಸಕೊಂಡು ಬಂದಾನ ಅಂತಾರ. ಮೊದಲನೇ ಒಲ್ಲೆಕ್ಕ ನಾವು ಸುಮ್ಮನಾದ್ರ, ಇವರೆಂಥಾ ಮಂದಿ ಅಂತ ಬಂದವರು ಊರ ತುಂಬ ಹೇಳಿಕೊಂಡು ಬರ್ತಾರ.

ಯಜ್ಞೇಶ್ವರ ಮನಿಗೆ ಬಂದ ಕೂಡಲೆ ಒಲ್ಲೆ ಅನ್ನೂ ಸಾಧನಾ ಸುರು ಮಾಡಿದ.

"ಅಂದಹಾಂಗ, ಮಾರ್ಕೆಟ್ಟಿಗೆ ಹೋಗಿ ಕಾಯಿಪಲ್ಲೆ ತರ್ತೀರೇನು?" ಅಂದಳು ನಿರುಪಮಾ.

"ಆಗೂದಿಲ್ಲ."

"ಯಾಕ?"

"ಕಾರಣ ಕೊಡೂದಿಲ್ಲ."

ನಿರುಪಮಾ ಅವನ್ನ ಒಮ್ಮೆ ಕಾಲಿಂದ ತಲೀತನಕ ನೋಡಿದಳು. ಆವತ್ತಿನ ಊಟಕ್ಕ ಅನ್ನ, ಮಜ್ಜಿಗಿ, ಉಪ್ಪಿನಕಾಯಿ. "ಆ ಹುಡುಗಿ ಹೊರಗಿನವರಿಗೆ ಒಲ್ಲೆ ಅನ್ನಲಿಕ್ಕೆ ಹೇಳ್ಯಾಳ್ರಿ, ನೀವು ಅದನ್ನ ಮನ್ಯಾಗ ಖರ್ಚು ಮಾಡಬ್ಯಾಡ್ರಿ" ಅಂತ ಬಡಿಸಿದಳು. ಮಾತು ಖರೇ ಇತ್ತು. ಆದರ ಹೊರಗ ಒಂದು ಒಲ್ಲೆನೂ ನಡೀಲಿಲ್ಲ. ಆಫೀಸಿನ್ಯಾಗ ಚಹಾ ಒಲ್ಲೆ ಅಂದ್ರ ಅದರ ಸಂಗಾಟ ಅವಲಕ್ಕಿ ಚೂಡಾನೂ ಬಂತು.

ಉಳಿದದ್ದು ಒಂದ ಆಸೆ. ಸಂಘದ ವಾರ್ಷಿಕ ಸಭಾ ಬಂದಿತ್ತು. ಈ ಸಲ ಸೆಕ್ರೆಟರಿಗಿರಿ ಬಿಟ್ಟುಬಿಟ್ಟರ ಅವನ ನಿದ್ದಿ ಅವನ ಮನಿಗೆ ಬರ್ತಿತ್ತು. ದೇವರು ದೊಡ್ಡಾಂವ, ಆ ಕುರ್ಚಿಗೆ ಖುಷಿಲೆ ಕೂಡಾಂವ ಒಬ್ಬ ಸಿಕ್ಕೂ ಸಿಕ್ಕ. ಕಾಲನಿ ಮೂಲ್ಯಾಗ ಕರೆಂಟಿನ ಸಾಮಾನಿನ ಅಂಗಡಿ ಇಟ್ಟಿದ್ದ ರಿಯಾಜ. ಹಸನ್ಮುಖಿ, ಮಾತಿನ ಮನುಷ್ಯಾ.

"ದಿನಾ ಫೋನ್ ಬರ್ತಾವಪ್ಪ" ಅಂತ ಯಜ್ಞೇಶ್ವರ ಮೊದಲ ಹೇಳಿಬಿಟ್ಟ.

"ಬರ್ಲಿ ಬಿಡ್ರಿ. ಗಿರಾಕಿ ಇಲ್ದಾಗ ಸುಮ್ನ ಕುಂತಿರ್ತೇನಿ, ಮಂದಿ ಮಾತಾಡ್ಸಿದಂಗ ಆಕ್ಕೈತಿ" ಅಂದ ರಿಯಾಜ. "ನೀವು ಸಭಾದಾಗ ನನ್ನ ಹೆಸರು ಹೇಳ್ರಿ, ಮುಂದಿಂದು ನಾ ನೋಡ್ಕೋತೇನಿ. ನಮ್ಮ ಮನಿಯಾಕಿ ಶಾಯಿಸ್ತಾಗೂ ಭಾಳ ಖುಷಿ ಆಕ್ಕೈತಿ." ಆವತ್ತ ಯಜ್ಞೇಶ್ವರ ಮನಿಗೆ ಹೋಗಿ, ಫೋನು ಬ್ಯಾರೆ ಖೋಲ್ಯಾಗ ಇಟ್ಟು, ಮಗು ಮಲಗಿದಂಗ ಮಲಗಿದ.

ರವಿವಾರ ಮುಂಜಾನೆ ಸಭಾ ಕೂಡಿತು. ಅಧ್ಯಕ್ಷರು ತ್ರ್ಯಂಬಕ ಕಾಕಾ, ರಿಟೈರ್ ಆದ ಹೆಡ್‌ಮಾಸ್ತರು. ಟೇಬಲ್ ಮ್ಯಾಲೆ ಚಂಡಹೂವಿನ ಮಾಲಿ ಒಂದು ತಯಾರ ಇತ್ತು. ರಿಯಾಜ ಇಸ್ತ್ರಿ ಮಾಡಿದ ಹೊಸಾ ಜುಬ್ಬಾ ಹಾಕ್ಕೊಂಡು ಮುಂದಿನ ಸಾಲಿನ್ಯಾಗ ಕೂತಿದ್ದ.

ಯಜ್ಞೇಶ್ವರ ಎದ್ದು, ಉಸಿರು ಒಳಗ ತೊಗೊಂಡು, ಹೊರಗ ಬಿಟ್ಟು, "ಇನ್ನ ಮುಂದ ಸೆಕ್ರೆಟರಿ ಕೆಲಸ ನನ್ನ ಕಡಿಂದ ಆಗೂದಿಲ್ಲ" ಅಂದ. ಮಂದಿ ಚಪ್ಪಾಳಿ ಹೊಡೀತು. "ಏನು ವಿನಯ, ಏನು ಸಂಸ್ಕಾರ" ಅಂದ್ರು ಕಾಕಾ. ಇದು ಹಿಂಗ ಆಗ್ತದ ಅಂತ ಅವಗ ಗೊತ್ತಿತ್ತು. ಲಗೂನ ಹೇಳಿದ, "ನಮ್ಮ ರಿಯಾಜ ಆಗಲಿ ಅಂತ ನಾ ಸೂಚಿಸ್ತೇನಿ."

"ಭಾಳ ಛಲೋ ಹೆಸರು" ಅಂದ್ರು ಕಾಕಾ. ಎಲ್ಲಾರೂ ಹೂಂ ಅಂದ್ರು. ಒಬ್ಬರೂ ತಕರಾರು ತಗೀಲಿಲ್ಲ. ಕಾಕಾ ಮಾಲಿಗೆ ಕೈ ಹಾಕಿದ್ರು. "ಏನಪಾ ರಿಯಾಜ, ಆಗ್ತೀಯಲಾ?"

ರಿಯಾಜ ಖಾನದಾನಿ ಮನುಷ್ಯಾ, ಪದ್ಧತಿ ಬಲ್ಲಾಂವ. ಎದ್ದು ನಿಂತ, ಎದಿ ಮ್ಯಾಲೆ ಕೈ ಇಟ್ಟ, ತಲಿ ಬಗ್ಗಿಸಿದ. "ಅಯ್ಯ, ನಂದೇನೈತ್ರಿ ದೊಡ್ಡವರ ಮುಂದ. ನಾ ಒಲ್ಲೆರಿ."

ಈಗ ಹೆಸರು ಹೇಳಿದವರು ಒಂದ ಒಂದು ಸಲ "ಹಂಗನಬ್ಯಾಡ ತಮ್ಮಾ" ಅಂದಿದ್ರ ಮಾಲಿ ರಿಯಾಜನ ಕೊರಳಾಗ. ಹಿಂದಿನ ಸಾಲಿನ್ಯಾಗ ನಾಕು ಮಂದಿ ಅನ್ನಲಿಕ್ಕೆ ಬಾಯಿನೂ ತಗದಿದ್ರು. ಆದರ ನಮ್ಮ ಯಜ್ಞೇಶ್ವರನ ಮೈಯಾಗ ಗಾರ್ಗಿ ಹೊಕ್ಕಿದ್ದಳು. ಕೈ ಎತ್ತಿ ಎಲ್ಲಾರನ್ನೂ ತಡದ.

"ಒತ್ತಾಯ ಮಾಡಬ್ಯಾಡ್ರಿ. ಮನುಷ್ಯಾ ಒಲ್ಲೆ ಅಂದ್ರ ಒಲ್ಲೆ, ಅದಕ್ಕ ಮರ್ಯಾದಿ ಕೊಡೂಣು. ಈ ಒತ್ತಾಯದಿಂದನ ಸಮಾಜದಾಗ ಒತ್ತಡ ಹುಟ್ಟೇದ" ಅಂತ ಸುರು ಮಾಡಿದವ ಮೈ, ನಾಯಿ, ಕುರ್ಚಿ, ಓಟ, ಉಸಿರು ಎಲ್ಲಾ ವಿವರಿಸಿದ. ಜನ್ಮದಾಗ ಮೊದಲನೇ ಸಲ ಅವನ ಮಾತನ್ನ ಕಾಲನಿ ಬಾಯಿ ಮುಚ್ಚಿಕೊಂಡು ಕೇಳಿತು. ಅದರ ಅಮಲಿನ್ಯಾಗ ಅವಗ ರಿಯಾಜನ ಮಾರಿ ಕಾಣಲಿಲ್ಲ. ಬಗ್ಗಿಸಿದ ತಲಿ ಬಗ್ಗಿಸಿದಂಗ, ನಗಿ ತುಟಿ ಮ್ಯಾಲೆ ಒಣಗಿತ್ತು. ಹೆಣ್ಣಮಕ್ಕಳ ಸಾಲಿನ್ಯಾಗ ನಿರುಪಮಾ ಹಣಿ ಹಣಿ ಬಡಕೊಳ್ಳಲಿಕತ್ತಿದ್ದಳು.

"ಖರೇ ಹೇಳಿದಿ ಯಜ್ಞೇಶಾ" ಅಂದ್ರು ಕಾಕಾ. "ರಿಯಾಜ ಒಲ್ಲೆ ಅಂದಾನ, ಬಿಟ್ಟೇವಿ. ಹಂಗಾದ್ರ ಉಳಿದಂವ ನೀ."

"ಕಾಕಾ, ನಾನೂ ಒಲ್ಲೆ ಅಂದೇನಲಾ."

"ನಿಂದು ವಿನಯ. ನಾ ನಿನ್ನ ಸಣ್ಣಾಂವ ಇದ್ದಾಗಿಂದ ನೋಡೇನಿ, ನಿಂಗ ಒಲ್ಲೆ ಅನ್ನಲಿಕ್ಕೆ ಎಲ್ಲೆ ಬರ್ತದ?" ಅಂದು ಮಾಲಿ ಅವನ ಕೊರಳಿಗೆ ಹಾಕಿದ್ರು. "ಇನ್ನೊಂದು ಮಾತು. ಇಷ್ಟು ಛಂದ ತಿಳಿಸಿ ಹೇಳ್ತಾನ ಅಂದಮ್ಯಾಲೆ, ಪ್ರತಿ ರವಿವಾರ ಮುಂಜಾನೆ ಇಲ್ಲೆ ಒತ್ತಡ ನಿವಾರಣಾ ಶಿಬಿರ. ಅದನ್ನೂ ಸೆಕ್ರೆಟರಿನ ನಡಸ್ತಾನ." ಈ ಸಲ ಚಪ್ಪಾಳಿ ಇನ್ನೂ ಜೋರ ಬಿತ್ತು.

ಸಭಾ ಮುಗಿದದ್ದ ತಡ, ಯಜ್ಞೇಶ್ವರ ರಿಯಾಜನ ಬೆನ್ನ ಹತ್ತಿ ಅವನ ಅಂಗಡಿತನಕ ಓಡಿದ.

"ಏನ್ ಮಾಡಿಬಿಟ್ರಿ ಸಾಹೇಬ್ರ" ಅಂದ ರಿಯಾಜ. ದನಿಯೊಳಗ ಸಿಟ್ಟಿರಲಿಲ್ಲ, ಅದಕ್ಕ ಯಜ್ಞೇಶ್ವರಗ ಇನ್ನಷ್ಟು ಕೆಟ್ಟ ಅನಿಸ್ತು. "ಶಾಯಿಸ್ತಾ ನಮ್ಮ ಮಂದಿಗೆಲ್ಲಾ ಹೇಳಿಕೊಂಡು ಬಂದಾಳ. ನೀವ ಕರದ್ರಿ, ನೀವ ಎಲ್ಲಾರ ಮುಂದ ಮತ್ತ ಕೆಳಗ ಕುಂಡ್ರಿಸಿಬಿಟ್ರಿ."

"ತಪ್ಪಾತೋ ತಮ್ಮಾ, ನನ್ನ ಬುದ್ಧಿ ಸುಟ್ಟಿತು. ಈಗ ತೊಗೋ, ಕಾಕಾಗ ನಾ ಹೇಳ್ತೇನಿ."

"ಒಲ್ಲೆರಿ."

"ಹಂಗನಬ್ಯಾಡ." ಯಜ್ಞೇಶ್ವರ ಅವನ ಜುಬ್ಬಾದ ತೋಳು ಹಿಡಕೊಂಡ. "ನಿನ್ನ ಬಿಟ್ಟು ಯಾರೂ ಇಲ್ಲ ನಂಗ."

"ಒಲ್ಲೆರಿ."

"ಮೂರನೇ ಸಲ ಕೇಳ್ಲಿಕತ್ತೇನಿ, ಪದ್ಧತಿ ಪ್ರಕಾರ. ಕೈ ಮುಗೀತೇನಿ."

"ಇದು ಆ ಒಲ್ಲೆ ಅಲ್ರಿ, ಖರೇ ಒಲ್ಲೆ" ಅಂದ ರಿಯಾಜ. "ಮನುಷ್ಯಾ ಒಲ್ಲೆ ಅಂದ್ರ ಮರ್ಯಾದಿ ಕೊಡಬೇಕು ಅಂತ ಈಗರ ನೀವ ತಿಳಿಸಿ ಹೇಳಿದ್ರಿ. ನಂಗ ಭಾಳ ಪಸಂದ ಆತು." ಹಂಗಂದು ಒಳಗ ಹೋಗಿ ಶಟರ್ ಎಳಕೊಂಡ.

ಯಜ್ಞೇಶ್ವರ ಮುಚ್ಚಿದ ಶಟರ್ ಮುಂದ ಮಾಲಿ ಹಾಕ್ಕೊಂಡ ನಿಂತ. ದಾರ್‍ಯಾಗ ಹೋಗೂ ಮಂದಿ "ಅಭಿನಂದನೆ ಸಾಹೇಬ್ರ, ಮತ್ತ ನೀವ ಆದ್ರಂತ" ಅಂತ ನಿಂತು ಕೈ ಮುಗೀಲಿಕತ್ರು. ಅಂವ ಒಬ್ಬೊಬ್ಬರಿಗೂ ಕೈ ಮುಗದು, "ಎಲ್ಲಾ ನಿಮ್ಮ ಆಶೀರ್ವಾದರಿ" ಅಂದ.