ಬೂಸಾ ಅಂಗಡಿಯ ಸಮುದ್ರ

ಬೂಸಾ ಮಾರುವ ಅಂಗಡಿಯಲ್ಲಿ ಸಮುದ್ರ ತಂದಿಟ್ಟುಕೊಂಡವನಿಗೆ ಒಂದು ದಿನವೂ ಸುಮ್ಮನೆ ಕಳೆಯುವುದಿಲ್ಲ. ಇದು ಅನುಭವದ ಮಾತು. ಎಂಬತ್ತರ ದಶಕದ ಆ ಒಂದು ವರ್ಷ ಬೆಳಗಾದರೆ ನಮ್ಮಲ್ಲಿ ಏನಾದರೊಂದು ಆಗುತ್ತಲೇ ಇತ್ತು.

ಬಂಗಾರಪೇಟೆಯಲ್ಲಿ ನಮ್ಮಪ್ಪನದು ದನದ ಮೇವಿನ ಅಂಗಡಿ. ಬೂಸಾ, ಕಡಲೆಕಾಯಿ ಹಿಂಡಿ, ಹತ್ತಿಬೀಜ. ಅದರ ಮೂಲೆಯಲ್ಲಿ ನಾನು ನಾಲ್ಕು ಗಾಜಿನ ತೊಟ್ಟಿ ಇಟ್ಟುಕೊಂಡು ಬಣ್ಣದ ಮೀನು ಮಾರುತ್ತಿದ್ದೆ. ಎಲ್ಲ ಕೆರೆ ನೀರಿನಲ್ಲೂ ಬದುಕುವ ಸಾಮಾನ್ಯ ಮೀನುಗಳು. ಅವನ್ನು ನೋಡಿ ನೋಡಿ ನನಗೇ ಬೇಜಾರಾಗಿ, ಸಮುದ್ರದ ಜೀವಗಳನ್ನು ಸಾಕುತ್ತೇನೆ ಎಂದು ಹೊರಟೆ. ಇದ್ದ ಜಾಗದಲ್ಲಿ ಹಿಡಿದದ್ದು ಬಿಸ್ಕತ್ತು ಡಬ್ಬದಷ್ಟು ದೊಡ್ಡ ಒಂದು ತೊಟ್ಟಿ. ಅಷ್ಟು ಸಣ್ಣದರಲ್ಲಿ ಸಮುದ್ರ ಸಾಕುವುದು ದೊಡ್ಡದರಲ್ಲಿ ಸಾಕುವುದಕ್ಕಿಂತ ಕಷ್ಟ. ನೀರು ಸ್ವಲ್ಪ ಕೆಟ್ಟರೂ ಎಲ್ಲ ಮುಗಿಯಿತು. ಕಷ್ಟ ಎಂದಮೇಲೆ ಅದು ನನ್ನದೇ ಕೆಲಸ ಎಂದುಕೊಂಡೆ.

ಅಪ್ಪ ಹಲ್ಲುಕಡ್ಡಿ ಬಾಯಲ್ಲಿಟ್ಟುಕೊಂಡೇ ತೀರ್ಪು ಕೊಟ್ಟರು. “ದೀಪಾವಳಿಗಂಟ ಟೈಮು. ನೀ ತಂದಿದ್ರಾಗೆ ಒಂದೂ ಸಾಯ್ದಂಗೆ ಇದ್ರೆ ಅರ್ಧ ಅಂಗಡಿ ನಿಂದು, ಮೀನಾದ್ರೂ ಮಾರು, ಮೊಸಳೆಯಾದ್ರೂ ಮಾರು. ಒಂದು ಸತ್ರೂ ತೊಟ್ಟಿಯೆಲ್ಲ ಎತ್ತಾಕಿ ಇಂಡಿ ಮೂಟೆ ಇಡ್ತೀನಿ. ಆಮ್ಯಾಕೆ ನೀನೂ ತಕ್ಕಡಿ ಇಡ್ಕೊಂಡು ಬೂಸಾ ತೂಗ್ಬೇಕು, ಏನ್ಲಾ?”

ಒಪ್ಪಿಕೊಂಡೆ. ಆ ಅರ್ಧ ಅಂಗಡಿಯ ಮೇಲೆ ನನ್ನ ಜೀವವೇ ಇತ್ತು.

ಉಪ್ಪು ನೀರು

“ಉಪ್ಪು ನೀರು ತರೋಕೆ ಮದರಾಸಿಗೆ ಹೋಗ್ತೀನಿ” ಎಂದದ್ದೇ ತಪ್ಪಾಯಿತು. ನಮ್ಮ ಕಡೆ ಉಪ್ಪು ನೀರು ಎಂದರೆ ಬೋರ್‌ವೆಲ್ ನೀರು. ಊರಿನಲ್ಲಿ ಅದಕ್ಕೇನೂ ಬರವಿಲ್ಲ.

“ಉಪ್ಪು ನೀರಿಗೆ ಮದರಾಸಿಗ್ಯಾಕೆ ಓಗ್ಬೇಕು?” ಎಂದರು ಎದುರು ಮನೆಯ ಅಜ್ಜಮ್ಮ. “ನಮ್ಮ ಬೋರ್ ನೀರು ತಕ್ಕೊಂಡೋಗು ಮಗಾ. ಬೆಳಗಿಂದ ಸಂಜೆಗಂಟ ಕುದಿಸಿದ್ರೂ ಅದ್ರಾಗೆ ಬ್ಯಾಳೆ ಬೇಯಕಿಲ್ಲ. ಅಷ್ಟು ಉಪ್ಪು.”

ಬೇಡ ಎಂದರೆ ಅವರಿಗೆ ಅವಮಾನ. “ನಮ್ಮ ಬೋರಿಗಿಂತ ಮದರಾಸಿಂದು ಎಚ್ಚಾ?” ಎಂದು ಬೀದಿಯೆಲ್ಲ ಕೇಳಿಕೊಂಡು ಬಂದರು. ಆದರೂ ನಾನು ಹೋಗಿ, ಸಮುದ್ರದ ನೀರನ್ನು ಕ್ಯಾನುಗಳಲ್ಲಿ ತುಂಬಿಸಿ ರೈಲಿನಲ್ಲಿ ತಂದೆ. ಅಂಗಡಿ ಮುಂದೆ ಜನ ಸೇರಿತು. ಅಪ್ಪ ಒಂದು ಕ್ಯಾನಿನ ಮುಚ್ಚಳ ತೆಗೆದು, ಬೊಗಸೆಗೆ ಸುರಿದುಕೊಂಡು, ಎಳನೀರು ಕುಡಿಯುವವರ ಹಾಗೆ ಒಂದು ಗುಟುಕು ಎಳೆದರು. ಮುಖ ಕಿವುಚಿ ಬೀದಿಗೆ ಉಗಿದರು. ಬಾಯಿ ಮುಕ್ಕಳಿಸಿ ಬಂದು ಅಜ್ಜಮ್ಮನಿಗೆ ಹೇಳಿದರು:

“ಬ್ಯಾಳೆ ಬಿಡಕ್ಕಾ, ಇದ್ರಾಗೆ ಮೀನೂ ಬೇಯಕಿಲ್ಲ. ಅದ್ಕೇ ಅಲ್ಲಿ ಅವು ಇನ್ನೂ ಬದುಕವೆ.”

ಎರಡು ಮೈಲಿ ಆಳ

ಮದರಾಸಿನಲ್ಲಿ ನನಗೆ ಜೊತೆಯಾಗಿದ್ದವನು ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಗೆ ಇಳಿಯುವ ಕೆ.ಜಿ.ಎಫ್. ಸ್ನೇಹಿತ. ತಮಿಳು ಮಾತಾಡಲು ಇರಲಿ ಎಂದು ಕರೆದುಕೊಂಡು ಹೋಗಿದ್ದೆ. ಮೀನಿನ ವ್ಯಾಪಾರಿ ದೊಡ್ಡ ಅನುಭವಸ್ಥ. ಹವಳದ ದಿಬ್ಬಕ್ಕೆ ಆ ವ್ಯಾಪಾರದವರು ರೀಫ್ ಎನ್ನುತ್ತಾರೆ. ಆತ ಮೊದಲು ಕೇಳಿದ್ದೇ ನಿಮ್ಮ ಹತ್ತಿರ ಅದು ಇದೆಯಾ ಎಂದು: “ಉಂಗ ಕಿಟ್ಟ ರೀಫ್ ಇರುಕ್ಕಾ?”

ನಾನು ಬಾಯಿ ತೆರೆಯುವ ಮೊದಲೇ ಸ್ನೇಹಿತ ಎದೆ ಉಬ್ಬಿಸಿ ಹೇಳಿದ, “ಇರುಕ್ಕು ಸಾರ್. ಚಾಂಪಿಯನ್ ರೀಫು!”

ವ್ಯಾಪಾರಿಯ ಮುಖದಲ್ಲಿ ಮರ್ಯಾದೆ ಬಂತು. ಕುರ್ಚಿ ಎಳೆದು ಕೂರಿಸಿ, ಎಷ್ಟು ಆಳ ಎಂದು ಕೇಳಿದ.

“ಎರಡು ಮೈಲಿ ಸಾರ್.”

“ಎರಡು ಮೈಲಿನಾ? ಅಷ್ಟು ಕೆಳಗೆ ನೀವು ನೋಡಿದ್ದೀರಾ?”

“ದಿನಾ ಇಳೀತೀನಿ ಸಾರ್. ಶಿಫ್ಟ್ ಮೇಲೆ.”

“ಅಲ್ಲಿ ಏನೇನು ಬದುಕಿದೆ?”

ಸ್ನೇಹಿತ ಯೋಚಿಸಿ ಪ್ರಾಮಾಣಿಕವಾಗಿ ಹೇಳಿದ, “ಜಿರಳೆ ಇದೆ ಸಾರ್. ಇಲಿ ಇದೆ. ನಮ್ಮ ಮೇಸ್ತ್ರಿ ಇದ್ದಾನೆ.”

ನಾನು ಮಧ್ಯೆ ಬಾಯಿ ಹಾಕಿ, ನಮ್ಮದು ಬಿಸ್ಕತ್ತು ಡಬ್ಬದಷ್ಟು ತೊಟ್ಟಿ ಎಂದು ಕೈಯಲ್ಲಿ ಅಳತೆ ತೋರಿಸಿದೆ. ವ್ಯಾಪಾರಿ ನನ್ನ ಕೈ ನೋಡಿದ, ಸ್ನೇಹಿತನ ಮುಖ ನೋಡಿದ. “ಅಗಲ ಇಷ್ಟು, ಆಳ ಎರಡು ಮೈಲಿ. ಸಾರ್, ನಿಮಗೆ ಮೀನು ಬೇಡ, ಹಗ್ಗ ಬೇಕು” ಎಂದ.

ಸುಳಿ

ಹತ್ತಾರು ಬಣ್ಣದ ಮೀನುಗಳು ಕಣ್ಣು ಕುಕ್ಕುತ್ತಿದ್ದವು. ನಾನು ಮನಸ್ಸು ಗಟ್ಟಿ ಮಾಡಿದೆ. ಸಣ್ಣ ತೊಟ್ಟಿಗೆ ಬೆಳೆಯದ ಜೀವ ಬೇಕು, ಓಡಾಟ ಕಡಮೆ ಇರಬೇಕು, ಒಂದನ್ನೊಂದು ತಿನ್ನಬಾರದು. ಹಾಗೆ ಆರಿಸಿ ಮೂರೇ ತಂದೆ. ತಳದಲ್ಲಿ ಕೂರುವ ಬೆರಳುದ್ದದ ಒಂದು ಮೀನು, ಕೆಂಪು ಪಟ್ಟೆಯ ಒಂದು ಸೀಗಡಿ, ಸತ್ತ ಶಂಖದ ಚಿಪ್ಪನ್ನೇ ಮನೆ ಮಾಡಿಕೊಂಡು ಹೊತ್ತು ತಿರುಗುವ ಒಂದು ಏಡಿ. ಇದಕ್ಕಿಂತ ಒಳ್ಳೆಯ ಆಯ್ಕೆಯನ್ನು ಮದರಾಸಿನವರೂ ಮಾಡಲಾರರು ಎಂದು ಇಂದಿಗೂ ಹೇಳುತ್ತೇನೆ.

ಅಪ್ಪನ ಆಯ್ಕೆಯ ಶಾಸ್ತ್ರವೇ ಬೇರೆ. ನಲವತ್ತು ಸಂತೆ ಕಂಡ, ದನ ನೋಡಿದೊಡನೆ ಗುಣ ಹೇಳುವ ಪಾರಖಿ ಅವರು. “ಅಲ್ಲು ನೋಡ್ದೇನ್ಲಾ?” ಎಂದರು.

“ಮೀನಿಗೆ ಯಾರಪ್ಪಾ ಹಲ್ಲು ನೋಡ್ತಾರೆ?”

“ಸುಳಿ?”

ದನದ ಮೈಮೇಲೆ ಕೂದಲು ಸುತ್ತಿಕೊಂಡಿರುವ ಕಡೆಗೆ ಸುಳಿ ಎನ್ನುತ್ತಾರೆ. ಕೆಟ್ಟ ಜಾಗದಲ್ಲಿ ಸುಳಿ ಇದ್ದರೆ ಕಾಮಧೇನುವನ್ನು ಕೊಟ್ಟರೂ ನಮ್ಮಪ್ಪ ಹಗ್ಗ ಹಿಡಿಯುವವರಲ್ಲ. ಮೀನಿನಲ್ಲಿ ಸುಳಿ ಕಾಣಲಿಲ್ಲ, ಸೀಗಡಿಯಲ್ಲೂ ಇರಲಿಲ್ಲ. ಏಡಿಯ ಶಂಖ ನೋಡಿದ್ದೇ ಹೌಹಾರಿದರು. “ಲೇ, ಇದ್ಕೆ ಮೈಯೆಲ್ಲಾ ಒಂದೇ ಸುಳಿ ಕಣ್ಲಾ! ಬೆನ್ನಿಂದ ತುದೀಗಂಟ! ಯಜಮಾನನ್ನ ಮಟ್ಟ ಹಾಕೋ ಸುಳಿ. ವಾಪಸ್ ಕೊಟ್ಟು ಬಾ.”

ನಾನು ಜಗ್ಗಲಿಲ್ಲ. ಏಡಿ ಬೆಳೆದಂತೆ ಮನೆ ಬದಲಿಸುತ್ತದೆ ಎಂದು ಖಾಲಿ ಚಿಪ್ಪೊಂದನ್ನು ಪಕ್ಕದಲ್ಲಿ ಇಟ್ಟಿದ್ದೆ. ಒಂದು ಬೆಳಿಗ್ಗೆ ಅಪ್ಪನ ಕಣ್ಣೆದುರೇ ಅದು ಹಳೆಯ ಶಂಖದಿಂದ ಸರಕ್ಕನೆ ಹೊರಬಂದು, ಬೆತ್ತಲೆ ಬೆನ್ನನ್ನು ಹೊಸ ನುಣುಪು ಚಿಪ್ಪಿಗೆ ತೂರಿಸಿಕೊಂಡಿತು. ಅಪ್ಪ ಹಳೆಯ ಶಂಖವನ್ನೂ ಹೊಸ ಚಿಪ್ಪನ್ನೂ ಮತ್ತೆ ಮತ್ತೆ ನೋಡಿದರು. ಕೊನೆಗೆ ನಿಟ್ಟುಸಿರು ಬಿಟ್ಟರು.

“ಸುಳಿ ತಾನೇ ಬಿಚ್ಚಾಕೋ ದನ! ಇಂಥದ್ದು ಸಂತೇಲಿ ಸಿಕ್ಕಿದ್ರೆ ದಲ್ಲಾಳಿ ಜನ ಕಾಲಿಗೆ ಬೀಳ್ತಾ ಇದ್ರು.”

ತಟ್ಟೆಯಗಲದ ಮೀನು

ಸುದ್ದಿ ಹರಡಿ ಕೆ.ಜಿ.ಎಫ್. ಕಡೆಯಿಂದಲೂ ಗಿರಾಕಿಗಳು ಬರತೊಡಗಿದರು. ಒಬ್ಬ ಗುಮಾಸ್ತರು ಬಂದು, ನಮ್ಮ ತೊಟ್ಟಿಯಂಥದ್ದೇ ಬೇಕು, ಆದರೆ ಅದರೊಳಗೆ ಊಟದ ತಟ್ಟೆಯಗಲದ ಹಳದಿ ಮೀನು ಬೇಕು ಎಂದರು.

“ಸಾರ್, ಅದಕ್ಕೆ ತಿರುಗೋಕೇ ಜಾಗ ಇರಲ್ಲ.”

“ತಿರುಗೋದ್ಯಾಕೆ ಬೇಕು? ಮಾರಿಕುಪ್ಪಂನಲ್ಲಿ ಲೈನೇ ಮುಗಿಯುತ್ತೆ, ಅಲ್ಲಿ ರೈಲು ತಿರುಗುತ್ತೇನ್ರೀ? ಇಂಜಿನ್ ಆ ಕಡೆಯಿಂದ ಈ ಕಡೆಗೆ ಹಾಕ್ತಾರೆ, ವಾಪಸ್ ಬರುತ್ತೆ.”

ಇದಕ್ಕೆ ನನ್ನಲ್ಲಿ ಉತ್ತರವಿತ್ತು. “ಹಾಗಾದ್ರೆ ಎರಡೂ ಕಡೆ ತಲೆ ಇರೋ ಮೀನು ಸಿಕ್ಕಿದಾಗ ಹೇಳಿ ಕಳಿಸ್ತೀನಿ ಸಾರ್.”

“ಬೇಗ ತರಿಸಿ, ಮುಂದಿನ ತಿಂಗಳು ಗೃಹಪ್ರವೇಶ” ಎಂದು ಅವರು ಹೊರಟುಹೋದರು.

ಹಾಲು-ತುಪ್ಪ

ದೀಪಾವಳಿಗೆ ಇನ್ನು ನಾಲ್ಕೇ ದಿನ. ಬೆಳಿಗ್ಗೆ ಅಂಗಡಿ ಗುಡಿಸಲು ಬಂದ ಅಮ್ಮ “ಅಯ್ಯೋ ಕಂದಾ!” ಎಂದು ಕಿರುಚಿದರು. ತೊಟ್ಟಿಯ ತಳದಲ್ಲಿ ಸೀಗಡಿ ಅಡ್ಡ ಬಿದ್ದಿತ್ತು. ಮೈ ಬಿಳಚಿತ್ತು. ಅಲುಗಾಟವಿಲ್ಲ.

ನಾನು ಕಡ್ಡಿಯಿಂದ ಎತ್ತಿ ನೋಡಿದೆ. ಒಳಗೆ ಏನೂ ಇರಲಿಲ್ಲ, ಟೊಳ್ಳು. “ಇದು ಹೆಣ ಅಲ್ಲಪ್ಪಾ, ಪೊರೆ” ಎಂದೆ. “ಹಾವು ಬಿಡಲ್ವಾ, ಹಾಗೆ. ಸೀಗಡಿ ಕಲ್ಲಿನ ಸಂದೀಲಿ ಅಡಗಿದೆ. ಹೊಸ ಮೈ ಗಟ್ಟಿ ಆದಮೇಲೆ ಬರುತ್ತೆ.”

ಅಪ್ಪ ಹತ್ತಿರ ಬಂದು ಬಗ್ಗಿ ನೋಡಿದರು. ಕಾಲು ಇತ್ತು, ಕೊಂಡಿ ಇತ್ತು, ಕಣ್ಣಿನ ಗುಳಿ ಇತ್ತು, ಉದ್ದದ ಬಿಳಿ ಮೀಸೆಗಳೂ ಇದ್ದವು.

“ಪೊರೆ ಬಿಡೋನು ಮೀಸೇನೂ ಬಿಟ್ಟೋಗ್ತಾನೇನ್ಲಾ? ಸೋತೋನ ಮಾತು ಆಡಬ್ಯಾಡ” ಎಂದರು. ಹಮಾಲಿಯನ್ನು ಕರೆದರು. ಮಧ್ಯಾಹ್ನದ ಹೊತ್ತಿಗೆ ನನ್ನ ನಾಲ್ಕು ತೊಟ್ಟಿಗಳು ಹಿತ್ತಿಲಿಗೆ ಹೋದವು. ಅವುಗಳ ಜಾಗದಲ್ಲಿ ಹಿಂಡಿ ಮೂಟೆಗಳು ಸೂರು ಮುಟ್ಟಿದವು. ಸಮುದ್ರವನ್ನು ಮಾತ್ರ ನಾನು ಮುಟ್ಟಲು ಬಿಡಲಿಲ್ಲ. ಅದನ್ನು ಎರಡು ಕೈಯಲ್ಲಿ ತಬ್ಬಿಕೊಂಡು ಕೂತೆ. ನನಗೆ ಅಳು ಬಂದದ್ದು ನಿಜ. ನಾನೇ ಸರಿ ಎಂಬುದರಲ್ಲಿ ಅನುಮಾನ ಬಂದಿರಲಿಲ್ಲ, ಅದೂ ಅಷ್ಟೇ ನಿಜ. ಅಪ್ಪ ತಕ್ಕಡಿ ತಂದು ನನ್ನ ಮುಂದೆ ಇಟ್ಟರು.

ಅಮ್ಮನ ಕರುಳು ಕೇಳಲಿಲ್ಲ. ಆ ಪೊರೆಯನ್ನು ಮುತ್ತುಗದ ಎಲೆಯಲ್ಲಿ ಸುತ್ತಿ, ಕರಿಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡಿದರು. ಎದುರು ಮನೆಯ ಅಜ್ಜಮ್ಮ ಬಂದು “ನಮ್ಮ ಬೋರ್ ನೀರಾಗೆ ಬಿಟ್ಟಿದ್ರೆ ಉಳ್ಕೊಂತಿತ್ತು” ಎಂದು ಸಮಾಧಾನ ಹೇಳಿಹೋದರು. ಮೂರನೆಯ ದಿನ ಅಮ್ಮ ಪದ್ಧತಿ ಬಿಡಬಾರದೆಂದು ಒಂದು ಲೋಟದಲ್ಲಿ ಹಾಲು, ಒಂದು ಚಮಚ ತುಪ್ಪ ತೆಗೆದುಕೊಂಡು ಹೋಗಿ, ಗಿಡದ ಬುಡಕ್ಕೆ ಬಿಟ್ಟು, ಕೈ ಮುಗಿದು ಬಂದರು. ಸತ್ತವರಿಗೆಲ್ಲ ನಮ್ಮಲ್ಲಿ ಮೂರನೆಯ ದಿನ ಹಾಲು-ತುಪ್ಪ ಬಿಡುತ್ತಾರೆ.

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಅಂಗಡಿಗೆ ಕಾಲಿಟ್ಟರು. ಅದೇ ಹೊತ್ತಿಗೆ ಕಲ್ಲಿನ ಸಂದಿಯಿಂದ ಎರಡು ಮೀಸೆ ಹೊರಬಂದವು. ಮೀಸೆಯ ಹಿಂದೆ ತಲೆ ಬಂತು, ತಲೆಯ ಹಿಂದೆ ಇಡೀ ಸೀಗಡಿ ಬಂತು. ಮೊದಲಿಗಿಂತ ದಪ್ಪ, ಮೊದಲಿಗಿಂತ ಕೆಂಪು.

ಅಮ್ಮನ ಕೈಯಿಂದ ಲೋಟ ಬಿತ್ತು. “ಏನೂಂದ್ರೇ! ಆಲು-ತುಪ್ಪ ಕುಡ್ದು ಎದ್ದು ಬಂದೈತೆ!”

ಅಪ್ಪ ಓಡಿ ಬಂದರು. ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. ಸೀಗಡಿ ಅವರ ಕಡೆಗೇ ಮೀಸೆ ಆಡಿಸಿತು. ನಾನು ಎದ್ದು ತಕ್ಕಡಿಯನ್ನು ಅವರ ಕಡೆಗೆ ಸರಿಸಿದೆ, ಅಷ್ಟೆ.

ಮಾತಿಗೆ ತಪ್ಪುವವರಲ್ಲ ನಮ್ಮಪ್ಪ. ಹಮಾಲಿಯನ್ನು ಕರೆದು ಮೂಟೆ ಇಳಿಸಲು ಹೇಳಿದರು. ಅರ್ಧ ಅಂಗಡಿ ಖಾಲಿಯಾಗುವವರೆಗೂ ನಿಂತು ನೋಡಿದರು. ನಾನು ಒಳ್ಳೆ ಹುರುಪಿನಲ್ಲಿ ಹೋಗಿ, ದೀಪಾವಳಿಗೆ ಮೊದಲೇ ಇರಲಿ ಎಂದು, ಅವರ ಕುರ್ಚಿಯ ಮೇಲೆ ಕೂತು ನೋಡಿದೆ. ಅಪ್ಪ ಅಮ್ಮನ ಕಡೆ ತಿರುಗಿ ಬಹಳ ಗಂಭೀರವಾಗಿ ಹೇಳಿದರು:

“ನೋಡಮ್ಮೀ, ನಾನು ಸತ್ತೆ ಅಂದ ತಕ್ಷಣ ಇವನನ್ನ ಆ ಕುರ್ಚಿ ಮ್ಯಾಲೆ ಕೂರಿಸ್ಬ್ಯಾಡ. ಆಲು-ತುಪ್ಪ ಆಗೋಗಂಟ ಕಾಯಿ. ಮೂಟೆ ಸಂದೀಲಿ ಪೊರೆ ಬಿಡ್ತಾ ಕೂತಿರ್ತೀನೋ ಏನೋ.”