ಫಿನ್‌ಲೆಂಡ್ ಅಂಕಲ್ ಹಾಡು ಮುಗಿಸಿದ್ದು

ನಮ್ಮ ಪಕ್ಕದ ಮನೆಯ ಅಂಕಲ್ ಇದ್ದ ಕಡೆ ಏನಾದರೊಂದು ಆಗಿಯೇ ಆಗುತ್ತದೆ. ಅಂಕಲ್ ಎಂದರೆ ನಮ್ಮ ಕಡೆಯವರಲ್ಲ, ಫಿನ್‌ಲೆಂಡಿನವರು. ಮೊದಲು ಎತ್ತರ ಜಿಗಿತದ ಆಟಗಾರ, ಆಮೇಲೆ ಗಾಯಕ, ಆಮೇಲೆ ನಟ, ಮೂರೂ ಒಬ್ಬರೇ. ಹೆಂಡತಿ ತೀರಿಕೊಂಡ ಮೇಲೆ ಡಾಲರ್ ದೇಶದ ನಮ್ಮ ಈ ಊರು ಸೀಡರ್ ಪಾರ್ಕಿಗೆ, ಮಗಳ ಮನೆಗೆ ಬಂದಿದ್ದಾರೆ. ಅವರ ಬಗ್ಗೆ ನಾನು ಬರೆಯುತ್ತಿರುವುದು ಇದೇ ಮೊದಲು, ಅದಕ್ಕೇ ಇಷ್ಟು ವಿವರ.

ಕಾಫಿ

ಮೊದಲ ಸಲ ನಾವು ಕಾಫಿಗೆ ಕರೆದಾಗ ಅಂಕಲ್, ತಮ್ಮೂರಲ್ಲಿ ಜನ ಮುತ್ತಿಕೊಳ್ಳುತ್ತಿದ್ದರು, ರಸ್ತೆಯಲ್ಲಿ ನಡೆಯುವ ಹಾಗೇ ಇರಲಿಲ್ಲ ಎಂದು ಹೇಳಿ ಕಿಟಕಿಯಾಚೆ ನೋಡುತ್ತ ಕೂತರು. ಆಚೆ ನರಪಿಳ್ಳೆಯೂ ಇರಲಿಲ್ಲ. ನನ್ನ ಗಂಡ ಸಮಾಧಾನ ಮಾಡಿದರು: "ಇಲ್ಲೂ ಅಷ್ಟೇ ಅಂಕಲ್. ಈ ಬಿಸಿಲಲ್ಲಿ ಯಾರೂ ನಡೆಯೋ ಹಾಗಿಲ್ಲ."

ಪೂಜೆ

ಪ್ಲೇನೋದಲ್ಲಿ ನನ್ನ ಅಕ್ಕನ ಮನೆ. ಸತ್ಯನಾರಾಯಣ ಪೂಜೆಗೆ ಅಂಕಲ್ ಅವರನ್ನೂ ಕರೆದುಕೊಂಡು ಹೋದೆವು. ಮಂಗಳಾರತಿ ಆದ ಮೇಲೆ ಬಂದವರನ್ನು "ಒಂದು ಹಾಡು ಹೇಳಿ" ಎನ್ನುವುದು ರೂಢಿಯಲ್ಲವೇ, ಇವರನ್ನೂ ಕೇಳಿದರು. ಕಣ್ಣು ಮುಚ್ಚಿ ಅವರು ರಾಗ ಎಳೆದಾಗ ಧಾರವಾಡದ ಆಂಟಿಯೊಬ್ಬರು ಕೈ ಮುಗಿದೇ ಕೂತರು. ಎರಡು ಚರಣ ಆಗುವಷ್ಟರಲ್ಲಿ ಎಲೆ ಹಾಕಿದೆ ಎಂದು ಅಡುಗೆಮನೆಯಿಂದ ಕರೆ ಬಂತು. ಎಲೆ ಎಂದರೆ ಇಲ್ಲಿ ಪೇಪರ್ ಪ್ಲೇಟು. ಎಲ್ಲರೂ ಎದ್ದರು. ಆಂಟಿ ಮಾತ್ರ ನಿಂತು, ಇದು ಯಾವ ದೇವರ ಹಾಡು ಎಂದು ಕೇಳಿದರು. ದೇವರಲ್ಲ, ಹಡಗು ಹತ್ತಿ ಹೋದ ಹುಡುಗಿಯದು ಎಂದರು ಅಂಕಲ್.

"ಅಂದ್ರ ವಿರಹ ಭಕ್ತಿ ಅನ್ರಿ," ಎಂದು ಆಂಟಿ ಕೋಸಂಬರಿ ಕಡೆ ನಡೆದರು.

ವಾಪಸ್ ಬರುವಾಗ ಕಾರಿನಲ್ಲಿ ಅಂಕಲ್ ಹೇಳಿದರು: ಆ ಹಾಡಿನ ಕೊನೆಯ ಚರಣವನ್ನು ಸಭೆಯಲ್ಲಿ ಕೂತ ಹೆಂಡತಿಯನ್ನೇ ನೋಡುತ್ತ ಹಾಡುತ್ತಿದ್ದರಂತೆ. ಜನರ ಮುಂದೆ ಒಮ್ಮೆ ಅದನ್ನು ಪೂರ್ತಿ ಹಾಡಬೇಕಂತೆ.

ನಾಟಕ

ಹ್ಯೂಸ್ಟನ್‌ನಲ್ಲಿ ಸ್ವಾತಂತ್ರ್ಯ ಹೋರಾಟದ ಕನ್ನಡ ನಾಟಕ. ಇಂಥದ್ದಕ್ಕೆ ಬ್ರಿಟಿಷ್ ಕಲೆಕ್ಟರ್ ಬೇಕೇ ಬೇಕು. ಸಾಮಾನ್ಯವಾಗಿ ನಮ್ಮಲ್ಲೇ ಬೆಳ್ಳಗಿರುವ ಒಬ್ಬರಿಗೆ ಪೌಡರ್ ಬಳಿಯುತ್ತಾರೆ. ಈ ಸಲ ಪೌಡರ್ ಉಳಿಯಿತು. ಅಂಕಲ್‌ಗೆ ಕೆಲಸ ಒಂದೇ, ಗುಂಡು ತಿಂದು ಸಾಯುವುದು. ಎತ್ತರ ಜಿಗಿದು ರೂಢಿಯಿದ್ದವರು, ಬೆನ್ನ ಮೇಲೆ ಸೊಗಸಾಗಿ ಬಿದ್ದರು. ಆದರೆ ಪರದೆ ಸಿಕ್ಕಿಹಾಕಿಕೊಂಡಿತು, ಎಳೆದರೂ ಬರಲಿಲ್ಲ. ಊಟಕ್ಕೆ ಇನ್ನೂ ಹೊತ್ತಿದ್ದರಿಂದ ಯಾರೂ ಏಳಲಿಲ್ಲ.

ಹೆಣ ಮೆಲ್ಲಗೆ ಅದೇ ಹಾಡನ್ನು ಹಾಡತೊಡಗಿತು. ಮಲಗಿದಲ್ಲೇ, ಒಂದು ಕೈಯನ್ನು ಯಾರ ಕಡೆಗೋ ಚಾಚಿ, ಕೊನೆಯ ಚರಣದವರೆಗೂ. ಒಂದಕ್ಷರ ತಿಳಿಯದ ಜನ ಕಣ್ಣು ಒರೆಸಿಕೊಂಡರು.

ಕಂಪನಿ ನಾಟಕ ನೋಡಿ ಬೆಳೆದ ಹಿರಿಯರೊಬ್ಬರು ಹಿಂದಿನಿಂದ "ಒನ್ಸ್ ಮೋರ್" ಎಂದರು. ಹಾಗೆಂದರೆ ಹಾಡನ್ನು ಮತ್ತೆ ಹಾಡಬೇಕು. ಅಂಕಲ್ ಎದ್ದರು, ಕೋಟು ಕೊಡವಿಕೊಂಡರು, ಪಿಸ್ತೂಲು ಹಿಡಿದವನ ಎದುರು ಹೋಗಿ ನಿಂತು ಬಹಳ ಗಂಭೀರವಾಗಿ ಹೇಳಿದರು:

"ಹಾಡ್ತೀನಿ. ಮೊದಲು ಇನ್ನೊಂದು ಸಲ ಹೊಡಿ."