ಹದಿನಾರಡಿ ಪೈಪು ಉಳಿಸಿದ ಕಥೆ

"ಇನ್ನೊಂದು ತಿಂಗಳೊಳಗೆ ಈ ನಲ್ಲಿಯಲ್ಲಿ ಸ್ಫಟಿಕದಂಥ ನೀರು ಹರಿಸದಿದ್ದರೆ, ಇಪ್ಪತ್ತೆರಡು ವರ್ಷ ಗಣಿತ ಕಲಿಸಿದ ಮೇಷ್ಟ್ರೇ ಅಲ್ಲ ನಾನು!"

ಹೀಗೆಂದು ನಾನು ಗುಡುಗಿದ್ದು ಕೋಲಾರದ ನಮ್ಮ ಮನೆಯ ಹಿತ್ತಲಲ್ಲಿ, ಒಗೆದು ಹಿಂಡಿದ ಪಂಚೆಯನ್ನು ಬಾವುಟದಂತೆ ಎತ್ತಿ ಹಿಡಿದು. ಆ ಪಂಚೆಯೇ ನನ್ನ ಕೋಪಕ್ಕೆ ಕಾರಣ. ನಮ್ಮ ನಲ್ಲಿಯ ಕೆಂಪು ನೀರಿನಲ್ಲಿ ಮಿಂದೂ ಮಿಂದೂ ಅದು ಮೊದಲು ಕೆನೆಬಣ್ಣಕ್ಕೆ ತಿರುಗಿ, ಆಮೇಲೆ ಅರಿಶಿನವಾಗಿ, ಈಗ ಅಪ್ಪಟ ಕಾವಿಯಾಗಿ ನಿಂತಿತ್ತು. ಹಿಂದಿನ ದಿನ ಸ್ಕೂಲಿನಲ್ಲಿ ಹೆಡ್‌ಮಾಸ್ಟರು, "ಯಾವ ಮಠ ಸೇರ್ತಾ ಇದೀರಿ ಮೇಷ್ಟ್ರೇ? ಮನೇಲಿ ಒಪ್ಪಿದ್ರೇ?" ಎಂದು ಕೇಳಿಬಿಟ್ಟಿದ್ದರು.

ನನ್ನಾಕೆ ಅನಸೂಯಮ್ಮ ಪಾತ್ರೆ ತಿಕ್ಕುತ್ತ ತಲೆಯನ್ನೂ ಎತ್ತದೆ ಹೇಳಿದಳು: "ಮೊದಲು ಪಂಚೆ ಹರವಿ. ಆಮೇಲೆ ಗುಡುಗಿ."

ಅಂದೇ ಗಂಗುಲಪ್ಪನನ್ನು ಕರೆಸಿದೆ. ಗಂಗುಲಪ್ಪ ಒಂದು ಕಾಲದಲ್ಲಿ ಚಿನ್ನದ ಗಣಿಯಲ್ಲಿ ಫಿಟ್ಟರ್ ಆಗಿದ್ದವನು; ಈಗ ಊರಿನ ನಲ್ಲಿಗಳೆಲ್ಲ ಅವನ ಕೈಕೆಳಗಿನ ಪ್ರಜೆಗಳು. ಅವನು ಬಂದು ಪೈಪಿಗೆ ಸ್ಪ್ಯಾನರಿನಿಂದ ಒಂದು ಏಟು ಕೊಟ್ಟ. ಬೊಗಸೆ ತುಂಬ ತುಕ್ಕು ಉದುರಿತು.

"ಸಾಮೀ, ಇದನ್ನ ಪೈಪು ಅನ್ನಕಾಗಲ್ಲ. ತುಕ್ಕು ಐತೆ, ಅದರ ಸುತ್ತ ಒಂದೀಟು ಪೈಪು ಅಂಟಿಕೊಂಡೈತೆ."

"ಎಲ್ಲ ಕಿತ್ತುಹಾಕಿ ಹೊಸದು ಹಾಕಿದರೆ ಎಷ್ಟಾಗುತ್ತೋ?"

"ಲಡಾಯಿಗೆ ಮುಂಚೆ ಆಗಿದ್ರೆ ಅಡಿಗೆ ನಾಲ್ಕಾಣೆ. ಈಗ ರೇಟು ಕೇಳಬ್ಯಾಡಿ ಸಾಮೀ, ಪೈಪು ಐತಾ ಅಂತ ಕೇಳಿ."

ಆಗ ಅನಸೂಯಮ್ಮ ಎದ್ದು ಬಂದು ಸೆರಗಿಗೆ ಕೈ ಒರೆಸಿಕೊಂಡು ತನ್ನ ಏಕೈಕ ಷರತ್ತನ್ನು ಮಂಡಿಸಿದಳು: "ನೀವು ಪೈಪಾದ್ರೂ ಹಾಕ್ಸಿ, ಕಾಲುವೇನಾದ್ರೂ ತೋಡ್ಸಿ. ನನ್ನ ಹಗೇವಿನ ಹತ್ರ ಗುದ್ದಲಿ ಬರಕೂಡದು."

ಹಗೇವು ಎಂದರೆ ನೆಲದೊಳಗಿನ ರಾಗಿಯ ಕಣಜ. ದೊಡ್ಡ ಗಡಿಗೆಯ ಆಕಾರದಲ್ಲಿ ತೋಡಿದ ಗುಣಿ. ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಬಾಯಿಗೆ ಚಪ್ಪಡಿ, ಚಪ್ಪಡಿಯ ಮೇಲೆ ಮಣ್ಣು. ನೀರೊಂದು ಸೋಕದಿದ್ದರೆ ಅದರೊಳಗಿನ ರಾಗಿ ಹತ್ತು ವರ್ಷ ಕಳೆದರೂ ನಿನ್ನೆ ಒಕ್ಕಿದಂತಿರುತ್ತದೆ. ನಮ್ಮ ಹಿತ್ತಲ ನಟ್ಟನಡುವಿನ ಹಗೇವಿನಲ್ಲಿ ಎಂಟು ಪಲ್ಲ ರಾಗಿ ಮಲಗಿತ್ತು. ತಾಯಲೂರಿನಿಂದ ನನ್ನ ಮಾವ ದೊಡ್ಡಮುನಿಯಪ್ಪನವರು ಮಗಳ ಪಾಲೆಂದು ಗಾಡಿಯಲ್ಲಿ ಹೇರಿ ಕಳಿಸಿದ್ದು. ಬೀದಿಯ ಹೆಂಗಸರೆಲ್ಲ ಚೀಲ ಹಿಡಿದು ರೇಷನ್ ಡಿಪೋದ ಮುಂದೆ ನಿಲ್ಲುತ್ತಿದ್ದ ಕಾಲ. ನಮ್ಮ ಮನೆಯಲ್ಲಿ ಮಾತ್ರ ಎರಡು ಹೊತ್ತೂ ಸ್ವಂತ ರಾಗಿಯ ಮುದ್ದೆ! ಅನಸೂಯಮ್ಮ ಬೀದಿಯಲ್ಲಿ ನಡೆಯುವಾಗ ಆ ಎಂಟು ಪಲ್ಲವೂ ಅವಳ ನಡಿಗೆಯಲ್ಲಿ ಕಾಣುತ್ತಿತ್ತು.

ಹಳೆಯ ಪೈಪಿಗೂ ಈ ಹಗೇವಿನ ಮೇಲೆ ಭಕ್ತಿ. ಬೀದಿಯ ಕಡೆಯಿಂದ ಬಂದು, ಹಗೇವಿಗೆ ಅರ್ಧ ಪ್ರದಕ್ಷಿಣೆ ಹಾಕಿ, ಆಮೇಲೆ ಬಚ್ಚಲಿಗೆ ಹೋಗುತ್ತಿತ್ತು. ಒಟ್ಟು ನಲವತ್ತಾರು ಅಡಿ.

ಪೈಪಿಗೆ ಸರ್ಕಾರದ ಪರ್ಮಿಟ್ ಬೇಕು. ಅರ್ಜಿಯೊಂದಿಗೆ ನಕ್ಷೆಯನ್ನೂ ಇಟ್ಟೆ. ಎಂಥ ನಕ್ಷೆ ಅಂತೀರಿ! ಸ್ಕೇಲು ಹಿಡಿದು, ಪೆನ್ಸಿಲು ಚೂಪು ಮಾಡಿ, ಅಡಿ ಅಂಗುಲ ಗುರುತಿಸಿ ಬರೆದದ್ದು. ಅದೇ ನನ್ನ ಕುತ್ತಿಗೆಗೆ ಬಂತು. ಮೂರನೆಯ ಸಲ ಹೋದಾಗ ಕಚೇರಿಯ ಸಾಹೇಬರು ನಕ್ಷೆಯ ಮೇಲೆ ತಮ್ಮ ಸ್ಕೇಲನ್ನು ಇಟ್ಟರು.

"ಇಲ್ಲಿಂದ ಇಲ್ಲಿಗೆ ನೆಟ್ಟಗೆ ಮೂವತ್ತೇ ಅಡಿ ಇದೆಯಲ್ರೀ. ನಲವತ್ತಾರು ಯಾಕೆ ಕೇಳಿದೀರಿ?"

"ಅಲ್ಲಿ ಸ್ವಲ್ಪ ಬಳಸಿಕೊಂಡು ಹೋಗಬೇಕು ಸಾರ್."

"ಯಾಕೆ? ಅಲ್ಲೇನಿದೆ?"

ಹಗೇವು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅದೇ ಸಾಹೇಬರ ಎಡಗಡೆಯ ಮೇಜಿನಲ್ಲಿ, ಯಾರ ಮನೆಯಲ್ಲಿ ಎಷ್ಟು ಧಾನ್ಯ ಬಚ್ಚಿಟ್ಟಿದೆ ಎಂದು ಹುಡುಕುವ ಗುಮಾಸ್ತರು ಕಿವಿ ನೆಟ್ಟಗೆ ಮಾಡಿ ಕೂತಿದ್ದರು. ಮಾತನ್ನು ನುಂಗಿಕೊಂಡೆ.

"ಏನೂ ಇಲ್ಲ ಸಾರ್."

"ಏನೂ ಇಲ್ಲದ ಜಾಗಾನ ಯಾಕ್ರೀ ಬಳಸ್ತೀರಿ? ಮೇಷ್ಟ್ರು ಬೇರೆ!" ಎಂದು ಮೂವತ್ತಕ್ಕೆ ಸಹಿ ಹಾಕಿದರು.

ಉಳಿದ ಹದಿನಾರಡಿ ಕಾಳಸಂತೆಯಲ್ಲಿ ಸಿಗುತ್ತಿತ್ತು, ಅಡಿಗೆ ಒಂದೂವರೆ ರೂಪಾಯಿ. ಇಪ್ಪತ್ತನಾಲ್ಕು ರೂಪಾಯಿ! ನನ್ನ ತಿಂಗಳ ಸಂಬಳ ನಲವತ್ತು. ನೀರು ತರಲು ಹೋಗಿ ಕಣ್ಣೀರು ಬಂತು.

ಅಷ್ಟರಲ್ಲಿ ಅನಸೂಯಮ್ಮ ತಮ್ಮನ ಮಗುವಿನ ನಾಮಕರಣಕ್ಕೆಂದು ಮೂರು ದಿನ ತಾಯಲೂರಿಗೆ ಹೊರಟಳು. ಅವಳ ಬಸ್ಸಿನ ಹೊಗೆ ಕರಗುವ ಮುಂಚೆಯೇ ನನ್ನ ತಲೆಯಲ್ಲಿ ರೇಖಾಗಣಿತ ಜಾಗೃತವಾಯಿತು. ಚಪ್ಪಡಿಯ ಮೇಲೆ ಒಂದು ಮೊಳ ಮಣ್ಣಿದೆ. ಪೈಪಿಗೆ ಬೇಕಾದ್ದು ಗೇಣು ಆಳದ ಕಾಲುವೆ. ಹಗೇವನ್ನು ಮುಟ್ಟುವುದೇ ಇಲ್ಲ. ಮೇಲಿಂದ ಹಾರಿಕೊಂಡು ಹೋಗುತ್ತದೆ, ಅಷ್ಟೆ!

ಗಂಗುಲಪ್ಪ ಗುದ್ದಲಿ ಊರಿ ನಿಂತುಬಿಟ್ಟ. "ವದ್ದು ಸಾಮೀ, ಬ್ಯಾಡ! ಜಾಯಿಂಟು ಸರಿಯಾಗಿ ಹಗೇವಿನ ಬಾಯಿ ಮೇಲೇ ಬರ್ತದೆ. ಅಮ್ಮನೋರಿಗೆ ಗೊತ್ತಾದ್ರೆ ನನ್ನೂ ಒಳಗೆ ಹಾಕಿ ಚಪ್ಪಡಿ ಮುಚ್ತಾರೆ."

"ಜಾಯಿಂಟು ಭದ್ರ ಮಾಡಯ್ಯ, ಸಾಕು."

"ಭದ್ರ ಮಾಡಕ್ಕೆ ನಾರಿನ ಜೊತೆ ಸಂದಿಗೆ ಮೆತ್ತೋ ಸಫೇದ ಬೇಕು. ಸಫೇದ ಎಲ್ಲೈತೆ? ಅದೂ ಲಡಾಯಿಗೆ ಹೋಗೈತೆ."

ನಾನು ಎದೆ ಉಬ್ಬಿಸಿದೆ. "ಗಂಗುಲಪ್ಪ, ನಮ್ಮ ಹಿರಿಯರು ಕೋಟೆ ಕಟ್ಟಿದ್ದು ಯಾವುದರಲ್ಲಿ? ಸುಣ್ಣ, ಬೆಲ್ಲ! ಫಿರಂಗಿಗೂ ಜಗ್ಗದ ಗಾರೆ ನಿನ್ನ ಮುಕ್ಕಾಲಂಗುಲದ ಪೈಪಿಗೆ ಜಗ್ಗುತ್ತದೆಯೇ?"

ಗಂಗುಲಪ್ಪ ಗಣಿಯಲ್ಲಿ ದೊರೆಗಳ ಮಾತು ಕೇಳಿ ಪಳಗಿದವನು. ಎದುರು ಮಾತಾಡದೆ ಅಡಿಗೆಮನೆಯ ಡಬ್ಬದಿಂದ ನಾನು ಕದ್ದು ತಂದ ಬೆಲ್ಲವನ್ನು ಸುಣ್ಣಕ್ಕೆ ಕಲಸಿದ. ಸ್ವಲ್ಪ ಬಾಯಿಗೂ ಹಾಕಿಕೊಂಡ. ಜಾಯಿಂಟಿಗೆ ನಾರು ಸುತ್ತಿ, ಗಾರೆ ಮೆತ್ತಿ, ಮಣ್ಣು ಮುಚ್ಚಿದ್ದಾಯಿತು. ನಲ್ಲಿ ತಿರುಗಿಸಿದೆ. ನೀರು ಬಂತು! ಗಂಗೆಯೇ ಧರೆಗಿಳಿದಳು, ನಾನೊಬ್ಬ ಭಗೀರಥ!

ಅನಸೂಯಮ್ಮ ಊರಿಂದ ಬಂದವಳು ನೀರನ್ನು ಬೊಗಸೆಯಲ್ಲಿ ಹಿಡಿದು ಬೆಳಕಿಗೆ ನೋಡಿದಳು. ಮುಖ ಅರಳಿತು. ಮದುವೆಯಾದ ಮೇಲೆ ಆ ಮುಖ ನನ್ನಿಂದಾಗಿ ಹಾಗೆ ಅರಳಿದ್ದು ಮೂರೋ ನಾಲ್ಕೋ ಸಲ.

"ಪರವಾಗಿಲ್ಲ ಕಣ್ರೀ. ಹಗೇವು ಮುಟ್ಟಲಿಲ್ಲ ತಾನೆ?"

"ಛೆ ಛೆ! ಮುಟ್ತೀನಾ?"

ಮುಟ್ಟಿರಲಿಲ್ಲ, ನಿಜ. ಹಾರಿದ್ದೆ.

ಒಂದು ವಾರ ನಮ್ಮ ನಲ್ಲಿ ಬೀದಿಗೇ ಯಾತ್ರಾಸ್ಥಳವಾಯಿತು. ಪಕ್ಕದ ಮನೆಯ ಶ್ಯಾಮಲಮ್ಮನವರು ದಿನಕ್ಕೆ ನಾಲ್ಕು ಕೊಡ ತುಂಬಿಕೊಂಡು, "ಮೇಷ್ಟ್ರು ಅಂದ್ರೆ ಮೇಷ್ಟ್ರು" ಎಂದು ಹೊಗಳಿ ಹೋಗುತ್ತಿದ್ದರು. ಎರಡನೆಯ ವಾರ ಧಾರೆ ಸಣ್ಣಗಾಯಿತು. ಮೂರನೆಯ ವಾರ ದಾರವಾಯಿತು. ನಾನು ಮುನಿಸಿಪಾಲಿಟಿಯ ಮೇಲೆ ಮೂರು ಪುಟದ ದೂರು ಬರೆದೆ. ನಲ್ಲಿ ನೋಡುವವನು ಬಂದು, ಬೀದಿಯ ಕೊಳಾಯಿ ಬಿಚ್ಚಿ ನೋಡಿ, ಮುಖಕ್ಕೆ ಚಿಮ್ಮಿಸಿಕೊಂಡು ಹೇಳಿದ:

"ಇಲ್ಲಿ ಭರ್ತಿ ನೀರೈತೆ ಸಾರ್. ನಿಮ್ಮನೆ ಒಳಗೇ ಎಲ್ಲೋ ಸೋರ್ತಾ ಐತೆ."

"ಸೋರಿದರೆ ಕೆಸರಾಗಬೇಡವೇನಯ್ಯ? ಹಿತ್ತಲೆಲ್ಲ ನೋಡು, ಒಂದು ಹನಿ ಇದೆಯೇ?"

"ಅದೇ ನಂಗೂ ಆಶ್ಚರ್ಯ. ಅಷ್ಟು ನೀರನ್ನ ಯಾರು ಕುಡೀತಾ ಅವರೆ?"

ಯಾರು ಕುಡಿಯುತ್ತಿದ್ದಾರೆಂದು ಆ ಕ್ಷಣದಲ್ಲಿ ನನಗೆ ಹೊಳೆಯಿತು. ಕಾಲ ಕೆಳಗಿನ ನೆಲ ಕುಸಿದಂತಾಯಿತು. ಸ್ವಲ್ಪ ದಿನ ಬಿಟ್ಟಿದ್ದರೆ ನಿಜವಾಗಿಯೂ ಕುಸಿಯುತ್ತಿತ್ತು!

ಅಂದಿನಿಂದ ನನ್ನ ಗಂಟಲಲ್ಲಿ ಮುದ್ದೆ ಇಳಿಯಲಿಲ್ಲ. ಹಗೇವಿನಿಂದ ಮೊದಲೇ ತೆಗೆದಿಟ್ಟಿದ್ದ ರಾಗಿ ಮುಗಿಯುತ್ತ ಬಂದಿತ್ತು; ತಟ್ಟೆಯಲ್ಲಿ ಮುದ್ದೆ ಕಂಡರೆ ಇನ್ನೆಷ್ಟು ದಿನದ ಋಣವೋ ಎಂದು ಕಣ್ಣು ತುಂಬುತ್ತಿತ್ತು. ನಲ್ಲಿಯನ್ನೇನೋ ಬೀದಿಯ ಕಡೆಯಿಂದಲೇ ನಿಲ್ಲಿಸಿಬಿಟ್ಟೆ, ವಾಷರ್ ಹೋಗಿದೆ ಎಂದು ಸುಳ್ಳು ಹೇಳಿದೆ. ನಿಜ ಹೇಳಲು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಕೆಮ್ಮು ಬಂತು. ಆದರೆ ವಾಸನೆಗೆ ವಾಷರ್ ಹಾಕುವುದು ಹೇಗೆ? ಹಿತ್ತಲಿನಿಂದ ಒಂದು ಹುಳಿಹುಳಿ ಘಮಲು ಏಳತೊಡಗಿತು. ಶ್ಯಾಮಲಮ್ಮನವರು ಗೋಡೆಯ ಆಚೆಯಿಂದ ಮೂಗು ಚಾಚಿ ಕೇಳಿದರು: "ಅನಸೂಯಾ, ನಿಮ್ಮ ಯಜಮಾನರು ಈಚೆಗೆ ಒಂದು ತರಾ ಇರ್ತಾರಲ್ಲ... ಮನೇಲೇ ಏನಾದ್ರೂ ಇಳಿಸ್ತಾ ಇದಾರೇನೇ?" ದಾರಿಯಲ್ಲಿ ಹೋಗುವ ಗಾಡಿಯವನೊಬ್ಬ ನಮ್ಮ ಬಾಗಿಲಿಗೇ ಬಂದು, ಹೆಂಡದಂಗಡಿ ಇದೇನಾ ಎಂದು ವಿಚಾರಿಸಿದ!

ಅನಸೂಯಮ್ಮ ನನ್ನನ್ನೇ ದಿಟ್ಟಿಸಿದಳು. "ಗಂಗುಲಪ್ಪನ್ನ ಕರೀರಿ, ಹಗೇವು ತೆಗೀಬೇಕು" ಎಂದಳು.

ಹಗೇವು ತೆರೆದ ಕೂಡಲೇ ಯಾರೂ ಇಳಿಯುವಂತಿಲ್ಲ. ಒಳಗೆ ಕೆಟ್ಟ ಗಾಳಿ ಇರುತ್ತದೆ. ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ಉರಿದರೆ ಮನುಷ್ಯನೂ ಉಳಿಯುತ್ತಾನೆ. ಗಂಗುಲಪ್ಪ ಮಣ್ಣು ಸರಿಸಿದ. ನನ್ನ ಪೈಪು ನಾಚಿಕೆಯಿಲ್ಲದೆ ನೆಟ್ಟಗೆ ಮಲಗಿತ್ತು. ಜಾಯಿಂಟಿನ ಗಾರೆಯಲ್ಲಿ ಬೆಲ್ಲ ಕರಗಿ, ಸುಣ್ಣ ತೊಳೆದುಹೋಗಿ, ಇರುವೆಗಳ ಸಾಲೊಂದು ಉಳಿದಿತ್ತು. ಅನಸೂಯಮ್ಮ ಪೈಪನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಆಕಾಶವನ್ನು ನೋಡಿದೆ.

ದೀಪ ಇಳಿಯಿತು, ಆರಿತು. ಬೇವಿನ ಸೊಪ್ಪಿನ ಕೊಂಬೆಯಿಂದ ಬೀಸಿ ಬೀಸಿ ಮತ್ತೆ ಇಳಿಸಿದ, ಮತ್ತೆ ಆರಿತು. ಮೂರನೆಯ ಸಲ ಆರಿದಾಗ ಅದರ ಜೊತೆಗೆ ನನ್ನನ್ನೂ ಆರಿಸಬಾರದೇ ದೇವರೇ ಎಂದು ಬೇಡಿಕೊಂಡೆ. ದೇವರು ಕಿವುಡ. ಮಧ್ಯಾಹ್ನದ ಹೊತ್ತಿಗೆ ದೀಪ ನಿಂತಿತು, ಗಂಗುಲಪ್ಪ ಇಳಿದ.

"ರಾಗಿ ಹೇಗಿದೆಯಪ್ಪಾ?" ಅನಸೂಯಮ್ಮ ಬಗ್ಗಿ ಕೂಗಿದಳು.

"ಅಮ್ಮಾ... ರಾಗಿ ಇಲ್ಲ."

"ಇಲ್ಲ ಅಂದ್ರೆ? ಕಳುವಾಯ್ತಾ?"

"ಕಳುವಾಗಿಲ್ಲ ತಾಯೀ." ಒಳಗೆ ಅವನ ಕಾಲು ಪಚಪಚ ಎಂದಿತು. "ಅಂಬಲಿ ಐತೆ. ಮೊಣಕಾಲುದ್ದ."

ಮಕ್ಕರಿಯಲ್ಲಿ ಮೇಲೆ ಬಂದದ್ದನ್ನು ನಾನು ವರ್ಣಿಸಲಾರೆ. ಅಂಚಿನಲ್ಲಿದ್ದ ರಾಗಿಗೆ ಮುದುಕರ ಗಡ್ಡದಂತೆ ಬಿಳಿಯ ಮೊಳಕೆ. ಉಳಿದದ್ದೆಲ್ಲ ನೊರೆಯುಕ್ಕುವ ಕಪ್ಪು ಗಂಜಿ. ಅನಸೂಯಮ್ಮ ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಚಪ್ಪಡಿಯ ಮೇಲೆ ಕೂತು, ಒಂದು ಹಿಡಿ ತೆಗೆದು, ಮೂಸಿ, ಕೆಳಗಿಟ್ಟಳು.

"ನಮ್ಮಪ್ಪ ಒಂದೊಂದು ಕಾಳೂ ಕೇರಿ ಕಳಿಸಿದ್ರು" ಎಂದಳು. ಆಮೇಲೆ, "ಎಷ್ಟು ಉಳೀತು?" ಎಂದು ಕೇಳಿದಳು.

"ಇಪ್ಪತ್ತನಾಲ್ಕು ರೂಪಾಯಿ" ಎಂದೆ, ಪ್ರಾಮಾಣಿಕವಾಗಿ.

"ನಾನು ಕೇಳಿದ್ದು ರಾಗಿ."

ಆ ಗಂಜಿಯಲ್ಲಿ ಒಂದು ಬಾನಿಯನ್ನು ಶ್ಯಾಮಲಮ್ಮನವರ ಎಮ್ಮೆ ಕುಡಿದು ಮೂರು ದಿನ ಯಾರ ಮಾತನ್ನೂ ಕೇಳಲಿಲ್ಲ. ಉಳಿದದ್ದನ್ನು ತಿಪ್ಪೆಗೆ ಸಾಗಿಸಲು ಗಾಡಿಯವನಿಗೆ ಎರಡು ರೂಪಾಯಿ. ಕಾಳಸಂತೆಯಲ್ಲಿ ಪೈಪು ಅಷ್ಟರಲ್ಲಿ ಅಡಿಗೆ ಎರಡು ರೂಪಾಯಿಗೆ ಏರಿತ್ತು. ಸೈಕಲ್ಲು ಮಾರಿ ಹದಿನಾರಡಿ ತಂದೆ. ಹೊಸ ಪೈಪು ಹಳೆಯದರ ಹಾಗೆಯೇ ಭಕ್ತಿಯಿಂದ ಬಳಸಿಕೊಂಡು ಹೋಯಿತು, ಖಾಲಿ ಗುಣಿಯನ್ನು! ಮನೆಯಲ್ಲಿ ರೇಷನ್ನಿನ ಮುಗ್ಗುಲು ಗೋಧಿ ಬೇಯತೊಡಗಿತು. ಅನಸೂಯಮ್ಮ ಅದನ್ನು ಬಡಿಸುವಾಗ "ಸಾಕಾ?" ಎಂದೂ ಕೇಳುತ್ತಿರಲಿಲ್ಲ. ಡಿಪೋದ ಸಾಲಿನಲ್ಲಿ ಅವಳು ಮುಖಕ್ಕೆ ಸೆರಗು ಎಳೆದುಕೊಂಡು ನಿಂತಿದ್ದನ್ನು ಒಂದು ದಿನ ದೂರದಿಂದ ಕಂಡೆ. ಅಂದು ನನಗೆ ಗೋಧಿಯೂ ಇಳಿಯಲಿಲ್ಲ.

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ತಾಯಲೂರಿನ ಗಾಡಿ ಬಾಗಿಲಲ್ಲಿ ನಿಂತಿತು. ಎರಡು ಪಲ್ಲ ರಾಗಿ! ಮಾವನವರು ಇಳಿದು, ನಮ್ಮ ನಲ್ಲಿಯಲ್ಲಿ ಕೈಕಾಲು ತೊಳೆದು, ಒಂದು ಚೊಂಬು ನೀರು ಕುಡಿದರು.

"ನೀರು ಚೆನ್ನಾಗೈತೆ ಅಳಿಯಂದಿರೇ" ಎಂದರು. ಎಂಥ ದೊಡ್ಡ ಮನಸ್ಸು! ನಾನು ಗದ್ಗದಿತನಾಗಿ ಚೀಲಕ್ಕೆ ಕೈ ಹಾಕಿದೆ. ಅವರು ಮೆಲ್ಲಗೆ ನನ್ನ ಕೈ ಸರಿಸಿ, ಗಾಡಿಯವನಿಗೆ ಪಕ್ಕದ ಮನೆಯ ಬಾಗಿಲು ತೋರಿಸಿದರು.

"ಅಲ್ಲಿ ಇಳಿಸೋ. ಮಗಳು ಕಾಗದ ಬರೆದವಳೆ: ಇವರಿರೋ ಮನೇಲಿ ರಾಗಿ ಇಡಬೇಡಿ ಅಂತ."

ಅಂದಿನಿಂದ ದಿನವೂ ಬೆಳಿಗ್ಗೆ ನಾನು ಸೇರು ಹಿಡಿದುಕೊಂಡು, ನನ್ನ ಹೆಂಡತಿಯ ರಾಗಿಯನ್ನು ಬೇಡಲು ಶ್ಯಾಮಲಮ್ಮನವರ ಬಾಗಿಲಲ್ಲಿ ನಿಲ್ಲುತ್ತೇನೆ. ಆ ಮಹಾತಾಯಿ ರಾಗಿ ತುಂಬಿದ ಮಣ್ಣಿನ ವಾಡೆಯ ಮುಚ್ಚಳ ತೆಗೆಯುವ ಮುಂಚೆ ಒಂದು ದಿನವೂ ತಪ್ಪದೆ ಕೇಳುತ್ತಾರೆ:

"ಎಲ್ಲಿ ಮೇಷ್ಟ್ರೇ, ಕೈ ತೋರಿಸಿ. ಒಣಗಿದೆಯಾ?"